ಮತ್ಸ್ಯಗೃಹದ ಕಾರ್ಪೆಟ್ ಏರಿಯಾ: ಠಾಣೆ ಸೀಮೆಯ ಒಂದು ಜಲಪ್ರಮಾಣ ಮೀಮಾಂಸೆ

ಪೀಠಿಕೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಎಂಬ ನಾಲ್ಕು ಜನಪದಗಳಲ್ಲಿ ಹಾಲ್‌ನ ಮೂಲೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವ ಪದ್ಧತಿ ಆಳವಾಗಿ ಬೇರುಬಿಟ್ಟಿದೆ. ಪದ್ಧತಿಯ ಮೂಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ನೋಡುತ್ತ ಕೂತರೆ ಬಿ.ಪಿ. ಇಳಿಯುತ್ತದೆ ಎಂಬುದು ಒಂದು ಮತ. ಈಶಾನ್ಯದಲ್ಲಿ ನೀರಿದ್ದರೆ ಲಕ್ಷ್ಮಿ ನಿಲ್ಲುತ್ತಾಳೆ ಎಂಬುದು ಇನ್ನೊಂದು. ಮಕ್ಕಳು ನಾಯಿ ಬೇಕೆಂದು ಹಟ ಹಿಡಿದರು, ಸೊಸೈಟಿಯವರು ಒಪ್ಪಲಿಲ್ಲ, ರಾಜಿಯಲ್ಲಿ ಮೀನು ಬಂತು ಎಂಬುದು ಮೂರನೆಯದು. ಪುರಾವೆಗಳೆಲ್ಲ ಇದರ ಕಡೆಗೇ ವಾಲುತ್ತವೆ.

ಮೂಲ ಏನೇ ಇರಲಿ, ತೊಟ್ಟಿ ಮನೆಗೆ ಬಂದ ಕೆಲವೇ ವಾರಗಳಲ್ಲಿ ಗೃಹಸ್ಥನಿಗೆ ಪರೀಕ್ಷೆ ಒದಗುತ್ತದೆ. ಮೀನಿನ ರೆಕ್ಕೆಯ ಮೇಲೆ ಬಿಳಿ ಚುಕ್ಕೆ ಏಳುತ್ತದೆ. ಅಂಗಡಿಯವ ನೀಲಿ ಔಷಧದ ಬಾಟಲಿ ಕೊಡುತ್ತಾನೆ. ಬಾಟಲಿಯ ಮೇಲೆ ಇಂತಿಷ್ಟು ಲೀಟರಿಗೆ ಇಂತಿಷ್ಟು ಹನಿ ಎಂದಿರುತ್ತದೆ. ಗೃಹಸ್ಥ ತೊಟ್ಟಿಯನ್ನು ನೋಡುತ್ತಾನೆ; ಮೀನು ಗೃಹಸ್ಥನನ್ನು ನೋಡುತ್ತದೆ. ಒಳಗಿರುವ ನೀರು ಎಷ್ಟು ಲೀಟರ್? ಇಬ್ಬರಿಗೂ ಗೊತ್ತಿಲ್ಲ. ಹನಿ ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ರೋಗಿ ಉಳಿಯುವುದಿಲ್ಲ.

ಇಷ್ಟು ದೊಡ್ಡ ಪ್ರಶ್ನೆಗೆ ಈವರೆಗೆ ಶಾಸ್ತ್ರಶುದ್ಧ ಉತ್ತರ ಬರದಿರುವುದು ಈ ಸೀಮೆಯ ವಿದ್ವತ್ತಿಗೆ ಶೋಭೆ ತರುವಂಥದ್ದಲ್ಲ. ಆ ಕೊರತೆ ನೀಗಲೆಂದೇ ಈ ಪ್ರಬಂಧ. ಇದರ ಪ್ರತಿಜ್ಞೆ ಒಂದೇ: ಅಂಗಡಿಯಲ್ಲಿ ಹೇಳುವ ಲೀಟರು ಸೂಪರ್ ಬಿಲ್ಟ್-ಅಪ್, ಮೀನಿಗೆ ದಕ್ಕುವುದು ಕಾರ್ಪೆಟ್. ಮೂವತ್ತು ವರ್ಷ ಫ್ಲ್ಯಾಟಿನ ಲೋನ್ ಕಟ್ಟಿ ಈ ಭೇದವನ್ನು ಕಲಿತವರು ತಮ್ಮ ಮನೆಯ ಮೀನಿನ ವಿಷಯದಲ್ಲಿ ಮಾತ್ರ ಅದನ್ನು ಮರೆಯುತ್ತಾರೆ ಎಂಬುದು ನಮ್ಮ ಆಕ್ಷೇಪ.

ಪೂರ್ವಸೂರಿಗಳು

ಈ ವಿಷಯದಲ್ಲಿ ನಮಗೆ ದೊರೆಯುವ ಪ್ರಾಚೀನ ದಾಖಲೆ ಶತಪಥ ಬ್ರಾಹ್ಮಣದ್ದು. ಕೈ ತೊಳೆಯಲು ತಂದ ನೀರಿನಲ್ಲಿ ಮನುವಿಗೆ ಒಂದು ಮರಿಮೀನು ಸಿಕ್ಕಿತು. ಗಡಿಗೆಯಲ್ಲಿಟ್ಟ, ಗಡಿಗೆ ಸಾಲಲಿಲ್ಲ. ಗುಂಡಿ ತೋಡಿ ಬಿಟ್ಟ, ಗುಂಡಿಯೂ ಸಾಲಲಿಲ್ಲ. ಕೊನೆಗೆ ಸಮುದ್ರಕ್ಕೆ ಒಯ್ದ. ಆಸ್ತಿಕರು ಇದನ್ನು ಪ್ರಳಯದ ಕಥೆಯೆಂದು ಓದುತ್ತಾರೆ. ನಮ್ಮ ದೃಷ್ಟಿಯಲ್ಲಿ ಇದು ತೊಟ್ಟಿಯ ಅಳತೆ ವಿಚಾರಿಸದೆ ಮೀನು ತಂದವನ ವೃತ್ತಾಂತ. ಇಂದಿಗೂ ಅಂಗಡಿಯಲ್ಲಿ ಎರಡಿಂಚಿನ ಸಕರ್ ಮೀನನ್ನು ಗಾಜು ನೆಕ್ಕಿ ಸ್ವಚ್ಛ ಮಾಡುತ್ತದೆಂದು ಹೇಳಿ ಕೊಡುತ್ತಾರೆ. ಅದು ಒಂದಡಿಯ ಹತ್ತಿರ ಬಂದಾಗ ಗೃಹಸ್ಥ ಮನುವಿನ ದಾರಿ ಹಿಡಿದು, ಸಮುದ್ರದ ಬದಲು ಊರ ಕೆರೆಗೆ ಬಿಟ್ಟು ಬರುತ್ತಾನೆ. ದಕ್ಷಿಣ ಅಮೆರಿಕ ಮೂಲದ ಈ ಮೀನು ಹೀಗೆಯೇ ನಮ್ಮ ಕೆರೆಗಳಲ್ಲಿ ಹಬ್ಬಿ ಸ್ಥಳೀಯ ಮೀನುಗಳ ಅನ್ನಕ್ಕೆ ಕಲ್ಲು ಹಾಕಿದೆ. ಒಂದು ತೊಟ್ಟಿಯ ಲೆಕ್ಕ ತಪ್ಪಿದರೆ ಒಂದು ಕೆರೆಯ ಲೆಕ್ಕ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಎರಡನೆಯ ಪೂರ್ವಸೂರಿ ಮಹಾವೀರಾಚಾರ್ಯ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಗಣಿತಸಾರಸಂಗ್ರಹವನ್ನು ಬರೆದವರು. ಅಗೆದ ಹೊಂಡಗಳ ಗಾತ್ರ ಹೇಳುವ ಖಾತವ್ಯವಹಾರಕ್ಕೆ ಅಲ್ಲಿ ಒಂದು ಇಡೀ ಪ್ರಕರಣವಿದೆ. ರಾಷ್ಟ್ರಕೂಟರ ಗಣಿತ ಡೊಂಬಿವಲಿಗೆ ಅನ್ವಯಿಸುವುದೇ ಎಂದು ಕೆಲವರು ಕೇಳಬಹುದು. ಅನ್ವಯಿಸುತ್ತದೆ. ಆ ಕಾಲಕ್ಕೆ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅಮೋಘವರ್ಷನ ಸಾಮಂತರು; ಕಾನ್ಹೇರಿ ಗುಹೆಗಳ ಶಾಸನಗಳು ಅದಕ್ಕೆ ಸಾಕ್ಷಿ. ಆದ್ದರಿಂದ ಈ ಸೀಮೆಯ ಎಲ್ಲ ತೊಟ್ಟಿ, ಬಾಲ್ದಿ, ಪಿಂಪುಗಳು ಮಹಾವೀರಾಚಾರ್ಯರ ಸೂತ್ರದ ವ್ಯಾಪ್ತಿಗೆ ಒಳಪಟ್ಟಿವೆ.

ಮೂರನೆಯವರು ಭಾಸ್ಕರಾಚಾರ್ಯರು. 1150ರ ಲೀಲಾವತಿಯಲ್ಲಿ, ಹೊಂಡದ ಆಳ ಒಂದೊಂದು ಕಡೆ ಒಂದೊಂದು ರೀತಿಯಿದ್ದರೆ ಹಲವು ಕಡೆ ಅಳೆದು, ಕೂಡಿಸಿ, ಅಳೆದ ಜಾಗಗಳ ಸಂಖ್ಯೆಯಿಂದ ಭಾಗಿಸಬೇಕೆಂದು ವಿಧಿಸಿದ್ದಾರೆ. ಗ್ರಾವೆಲ್ಲನ್ನು ಹಿಂದೆ ಎತ್ತರ, ಮುಂದೆ ತಗ್ಗು ಮಾಡಿ ಹರಡುವ ಇಂದಿನ ಅಲಂಕಾರಪ್ರಿಯರಿಗೆ ಇದು ನೇರ ಉಪಯೋಗಿ.

ನಾಲ್ಕನೆಯದು ಮೌಖಿಕ ಪರಂಪರೆ, ಅಂದರೆ ಅಂಗಡಿಯವನ ಮತ. ಆತ ಟೇಪು ಹಿಡಿಯುವುದಿಲ್ಲ, ಕಾಗದ ಮುಟ್ಟುವುದಿಲ್ಲ. ತೊಟ್ಟಿಯ ನೆತ್ತಿಗೆ ಅಂಗೈಯಿಂದ ಎರಡು ಸಲ ಬಡಿದು "ಪಂಚ್ಯಾಹತ್ತರ್ ಲೀಟರ್, ಸಾಹೇಬ್!" ಎನ್ನುತ್ತಾನೆ. ಎಪ್ಪತ್ತೈದು ಎಂಬ ಈ ಅಂಕಿಯೇ ನಮ್ಮ ಪೂರ್ವಪಕ್ಷ.

ಮಾನಸಂಕರ ಪ್ರಕರಣ

ಭಾರತದಲ್ಲಿ ಮೆಟ್ರಿಕ್ ಅಳತೆಗೆ 1956ರಲ್ಲಿ ಶಾಸನವಾಯಿತು. ಸುದ್ದಿ ಅಕ್ವೇರಿಯಂ ಅಂಗಡಿಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ. ಅಲ್ಲಿ ತೊಟ್ಟಿಗೆ ಫುಟ್ಟು, ಗಾಜಿಗೆ ಮಿಲಿಮೀಟರ್, ಕೆಳಗಿನ ಸ್ಟ್ಯಾಂಡ್ ಮಾಡುವ ಬಡಗಿಗೆ ಸೂತು, ಗ್ರಾವೆಲ್ಲಿಗೆ ಕಿಲೋ, ಔಷಧಕ್ಕೆ ಹನಿ. ಗೃಹಸ್ಥ ರಾತ್ರಿ ಮೊಬೈಲಿನಲ್ಲಿ ನೋಡುವ ವಿಡಿಯೋದವರು ಗ್ಯಾಲನ್ ಎನ್ನುತ್ತಾರೆ. ಗ್ಯಾಲನ್ನಿನಲ್ಲೂ ಎರಡು ಗೋತ್ರ: ಅಮೆರಿಕದ್ದು 3.785 ಲೀಟರ್, ಬ್ರಿಟಿಷರದು 4.546 ಲೀಟರ್. ಗೋತ್ರ ವಿಚಾರಿಸದೆ ಸಂಬಂಧ ಬೆಳೆಸಿದರೆ ಲೆಕ್ಕದಲ್ಲಿ ಐದರಲ್ಲೊಂದು ಪಾಲು ಏರುಪೇರು.

ನಮಗೆ ಬೇಕಾದ ಸೂತ್ರಗಳು ಎರಡೇ. ಒಂದು ಘನ ಅಡಿಗೆ 28.3 ಲೀಟರ್. ಇಂಚಿನಲ್ಲಿ ಅಳೆದರೆ ಉದ್ದ, ಅಗಲ, ಎತ್ತರ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್. ಇವುಗಳನ್ನು ಬಾಯಿಪಾಠ ಮಾಡಿದವನಿಗೆ ಅಂಗಡಿಯವನ ಅಂಗೈ ಬಡಿತದ ಭಯವಿಲ್ಲ.

ವ್ಯಾಖ್ಯಾನ ಪ್ರಕರಣ

2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನರ ಬಾಯಲ್ಲಿ ರೇರಾ, ಕಾರ್ಪೆಟ್ ಏರಿಯಾ ಎಂದರೇನೆಂದು ಖಚಿತವಾಗಿ ಹೇಳಿತು: ವಾಸಕ್ಕೆ ನಿಜವಾಗಿ ಒದಗುವ ನೆಲ. ಹೊರಗೋಡೆ ಸೇರದು, ಬಾಲ್ಕನಿ ಸೇರದು, ಪೈಪುಗಳಿಗೆಂದು ಬಿಟ್ಟ ಶಾಫ್ಟ್ ಸೇರದು. ಒಳಗಿನ ಅಡ್ಡಗೋಡೆ ಮಾತ್ರ ಸೇರುತ್ತದೆ. ಈ ವ್ಯಾಖ್ಯೆಯನ್ನು ಮತ್ಸ್ಯಗೃಹಕ್ಕೆ ಹೊಂದಿಸಿದರೆ ಐದು ಪ್ರಮಾಣಗಳು ಹುಟ್ಟುತ್ತವೆ.

ಘೋಷಿತ ಪ್ರಮಾಣ: ಅಂಗಡಿಯವನ ಬಾಯಿಂದ ಹೊರಟದ್ದು.
ಬಾಹ್ಯ ಪ್ರಮಾಣ: ಗಾಜಿನ ಹೊರಮೈ ಅಳೆದು ಗುಣಿಸಿದ್ದು.
ಆಂತರ ಪ್ರಮಾಣ: ಗಾಜಿನ ದಪ್ಪ ಕಳೆದದ್ದು.
ಔಷಧ ಪ್ರಮಾಣ: ಒಳಗೆ ನಿಜಕ್ಕೂ ಇರುವ ಅಷ್ಟೂ ನೀರು; ಹನಿಗಳ ಲೆಕ್ಕಕ್ಕೆ ಇದೇ ಆಧಾರ.
ವಾಸ ಪ್ರಮಾಣ: ಮೀನು ಈಜಾಡಬಲ್ಲ ನೀರು. ಇದೇ ಅಪ್ಪಟ ಕಾರ್ಪೆಟ್.

ಕೊನೆಯ ಎರಡರ ನಡುವಿನ ಅಂತರ ಸೂಕ್ಷ್ಮವಾದದ್ದು. ಅದರ ವಿಚಾರ ಮುಂದೆ ನವಿ ಮುಂಬಯಿ ಪ್ರಸ್ಥಾನದಲ್ಲಿ ಬರುತ್ತದೆ. ಕಾಯ್ದೆಯ ಒಂದು ಅಂಶವನ್ನು ಮಾತ್ರ ನಾವು ಒಪ್ಪುವುದಿಲ್ಲ. ಜಗಳಗಂಟ ಫೈಟರ್ ಮೀನಿಗೆಂದು ತೊಟ್ಟಿಯ ನಡುವೆ ಇಳಿಸುವ ಗಾಜಿನ ಅಡ್ಡಗೋಡೆಯನ್ನು ಕಾರ್ಪೆಟ್ಟಿಗೆ ಸೇರಿಸಲಾಗದು. ಮನುಷ್ಯ ಅಡ್ಡಗೋಡೆಗೆ ಕ್ಯಾಲೆಂಡರ್ ತೂಗುಹಾಕಿ ಅದನ್ನು ಅನುಭವಿಸುತ್ತಾನೆ. ಮೀನಿಗೆ ಆ ಸೌಲಭ್ಯವಿಲ್ಲ.

ನಾಲ್ಕು ಪ್ರಸ್ಥಾನಗಳು

ನೀರು ಅಳೆಯುವ ವಿಷಯದಲ್ಲಿ ಈ ನಾಲ್ಕು ಊರುಗಳಿಗೆ ಒಂದೊಂದು ಪಂಥವಿದೆ. ಮೊದಲನೆಯದು ಠಾಣೆ ಪ್ರಸ್ಥಾನ. ಠಾಣೆ ಕೆರೆಗಳ ಊರು. ಮಾಸುಂದಾ, ಉಪವನ, ಕಚ್ರಾಳಿ ಎಂದು ಹೆಸರು ಹೇಳುತ್ತ ಹೋಗಬಹುದು. ಸಂಜೆ ತಲಾವ್ ಪಾಳಿಯ ಸುತ್ತ ಭೇಳ್ ತಿನ್ನುತ್ತ ತಿರುಗುವ ಸಾವಿರಾರು ಜನರಲ್ಲಿ ಒಬ್ಬರಾದರೂ ಈ ಕೆರೆ ಎಷ್ಟು ಲೀಟರ್ ಎಂದು ಕೇಳಿದ್ದಿಲ್ಲ. ನೀರನ್ನು ನೋಡಿದರೆ ಸಾಕು, ಅಳೆಯಬೇಕಿಲ್ಲ ಎಂಬುದು ಈ ಪ್ರಸ್ಥಾನದ ಮೂಲತತ್ತ್ವ. ದೋಷವೂ ಇಲ್ಲೇ ಇದೆ. ನೀರಿನಲ್ಲಿ ಬೆಳಕು ಬಾಗುವುದರಿಂದ, ಎದುರಿನಿಂದ ನೋಡುವವನಿಗೆ ಒಂದಡಿ ಅಗಲದ ತೊಟ್ಟಿ ಒಂಬತ್ತು ಇಂಚಿನಷ್ಟೇ ಕಾಣುತ್ತದೆ. ಕಣ್ಣು ಕಾಲು ಪಾಲು ಕದಿಯುತ್ತದೆ, ಅಂಗಡಿಯವ ಅದಕ್ಕಿಂತ ಹೆಚ್ಚು ಸೇರಿಸುತ್ತಾನೆ; ಎರಡರ ಸರಾಸರಿ ತೆಗೆದರೆ ಸತ್ಯ ಸಿಕ್ಕೀತು ಎಂದು ಈ ಪಂಥದ ಕೆಲವರು ವಾದಿಸುತ್ತಾರೆ. ಇಬ್ಬರು ಸುಳ್ಳುಸಾಕ್ಷಿಗಳನ್ನು ಕೂಡಿಸಿ ಒಬ್ಬ ಸತ್ಯವಂತನನ್ನು ಪಡೆಯುವ ಈ ತರ್ಕವನ್ನು ನಾವು ಗೌರವಪೂರ್ವಕವಾಗಿ ತಿರಸ್ಕರಿಸುತ್ತೇವೆ.

ಆದರೂ ಠಾಣೆಯ ಕೊಡುಗೆ ಒಂದುಂಟು. ಗಣೇಶ ವಿಸರ್ಜನೆಗೆ ಊರ ಕೆರೆಗಳನ್ನು ಉಳಿಸಲು ಇಲ್ಲಿ ಕೃತಕ ಕೊಳ ಕಟ್ಟುತ್ತಾರೆ. ಮೂರ್ತಿ ಮುಳುಗುತ್ತದೆ, ನೀರು ಮೇಲೇರುತ್ತದೆ. ಆರ್ಕಿಮಿಡೀಸನ ಹೆಸರು ಕೇಳದ ಸ್ವಯಂಸೇವಕನೂ ಮುಂದಿನ ಮೂರ್ತಿ ದೊಡ್ಡದೆಂದು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಮುಳುಗಿದ ವಸ್ತು ತನ್ನ ಗಾತ್ರದಷ್ಟು ನೀರನ್ನು ಎಬ್ಬಿಸುತ್ತದೆ ಎಂಬ ಈ ತತ್ತ್ವ ತೊಟ್ಟಿಯ ಕಲ್ಲಿಗೂ ಅನ್ವಯ. ಸಾಮಾನ್ಯ ಕಲ್ಲಿನ ಸಾಂದ್ರತೆ ನೀರಿನ 2.6 ಪಟ್ಟು. ಕಲ್ಲನ್ನು ತಕ್ಕಡಿಗಿಟ್ಟು, ಕಿಲೋಗಳನ್ನು 2.6ರಿಂದ ಭಾಗಿಸಿದರೆ ಅದು ಒಕ್ಕಲೆಬ್ಬಿಸುವ ನೀರು ಲೀಟರಿನಲ್ಲಿ ಸಿಗುತ್ತದೆ.

ಎರಡನೆಯದು ಕಲ್ಯಾಣ ಪ್ರಸ್ಥಾನ. ಕಲ್ಯಾಣ ಜಂಕ್ಷನ್ನಿನಲ್ಲಿ ದಾರಿ ಎರಡಾಗುತ್ತದೆ. ಒಂದು ಕಸಾರಾಕ್ಕೆ, ಇನ್ನೊಂದು ಕರ್ಜತ್ತಿಗೆ. ಟೇಪು ಹಿಡಿದು ಅಳೆಯುವವರಲ್ಲೂ ಎರಡು ಶಾಖೆ. ಕಸಾರಾ ಶಾಖೆಯವರು ಗಾಜಿನ ಹೊರಮೈ ಅಳೆಯುತ್ತಾರೆ, ಕರ್ಜತ್ ಶಾಖೆಯವರು ಒಳಮೈ. ತಪ್ಪು ಗಾಡಿ ಹತ್ತಿದವನಿಗೆ ಇಳಿಯುವ ತನಕ ತಿಳಿಯುವುದಿಲ್ಲ.

ಉದಾಹರಣೆಗೆ ಈ ಸೀಮೆಯ ಹಾಲ್‌ಗಳಲ್ಲಿ ಎಲ್ಲೆಲ್ಲೂ ಕಾಣುವ ತೊಟ್ಟಿಯನ್ನೇ ತೆಗೆದುಕೊಳ್ಳೋಣ: 24 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರ, 6 ಮಿ.ಮೀ. ಗಾಜು. ಕಸಾರಾ ಶಾಖೆಯ ಪ್ರಕಾರ 4320 ಘನ ಇಂಚು, ಅಂದರೆ 70.8 ಲೀಟರ್. ಅಂಗಡಿಯ ಎಪ್ಪತ್ತೈದರಲ್ಲಿ ನಾಲ್ಕು ಲೀಟರಿಗೂ ಮಿಕ್ಕಿದ್ದು ಇಲ್ಲೇ ಆವಿಯಾಯಿತು. ಅದು ಮಾತಿನ ಉಬ್ಬರ, ನೀರಿಗೂ ಅದಕ್ಕೂ ಸಂಬಂಧವಿಲ್ಲ. ಕರ್ಜತ್ ಶಾಖೆಯವರು ಉದ್ದದಲ್ಲಿ ಎರಡು ಗಾಜು, ಅಗಲದಲ್ಲಿ ಎರಡು, ತಳದಲ್ಲಿ ಒಂದು ಕಳೆದು ಗುಣಿಸಿದರೆ 65.6 ಲೀಟರ್. ಕಾಗದದಷ್ಟು ತೆಳುವೆಂದು ಕಾಣುವ ಗಾಜು ಐದು ಲೀಟರ್ ನುಂಗಿತು. ಇದು ಫ್ಲ್ಯಾಟಿನ ಹೊರಗೋಡೆ: ದುಡ್ಡು ಕೊಟ್ಟದ್ದು ನಾವು, ಒಳಗೆ ಮಲಗಲು ಬಾರದು.

ಇನ್ನು ಬಾಯಿಮಟ್ಟ ತುಂಬಿದ ತೊಟ್ಟಿ ಯಾರ ಮನೆಯಲ್ಲೂ ಇಲ್ಲ. ಮೀನು ಹಾರಬಾರದು, ಮುಚ್ಚಳಕ್ಕೆ ತೇವ ತಾಗಬಾರದು, ಫಿಲ್ಟರಿನ ಧಾರೆ ಬೀಳಲು ಜಾಗ ಬೇಕು. ಮೇಲೆ 4 ಸೆಂ.ಮೀ. ಬಿಟ್ಟರೆ 7 ಲೀಟರ್ ಹೋಯಿತು. ಉಳಿದದ್ದು 58.6. ಈ ಖಾಲಿ ಜಾಗಕ್ಕೆ ಟೆರೇಸ್ ಎಂದು ಹೆಸರಿಡಬಹುದು. ಬ್ರೋಷರಿನಲ್ಲಿ ಚೆನ್ನಾಗಿ ಕಾಣುತ್ತದೆ.

ಮೂರನೆಯದು ಡೊಂಬಿವಲಿ ಪ್ರಸ್ಥಾನ. ಬಾರವಿ ಅಣೆಕಟ್ಟಿನ ನೀರು ಎಂ.ಐ.ಡಿ.ಸಿ. ಕೊಳವೆಯಲ್ಲಿ ಬರುವ ಬಡಾವಣೆಯಿರಲಿ, ಉಲ್ಹಾಸ ನದಿಯ ನೀರು ಮಹಾನಗರಪಾಲಿಕೆಯ ನಳದಲ್ಲಿ ಬರುವ ಓಣಿಯಿರಲಿ, ನೀರಿಗೆ ಹೊತ್ತು ಉಂಟೆಂದು ಡೊಂಬಿವಲಿಕರನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊತ್ತು ಗೊತ್ತಿರುವವನಿಗೆ ಬಾಲ್ದಿ ಗೊತ್ತು. ಆದ್ದರಿಂದ ಈ ಪ್ರಸ್ಥಾನ ಗುಣಾಕಾರವನ್ನು ನಂಬದೆ ಎಣಿಕೆಯನ್ನು ನಂಬುತ್ತದೆ.

ಮೊದಲಿಗೆ ಇಲ್ಲಿನ ಒಂದು ಉಪಪಂಥ ನಳವನ್ನೇ ಮಾಪಕವಾಗಿ ಬಳಸಲು ಯತ್ನಿಸಿತು: ಒಂದು ಬಾಲ್ದಿ ತುಂಬಲು ಎಷ್ಟು ಸೆಕೆಂಡ್, ತೊಟ್ಟಿ ತುಂಬಲು ಎಷ್ಟು ನಿಮಿಷ, ಭಾಗಿಸಿದರಾಯಿತು. ಹಲವು ಕಾಲುವೆಗಳನ್ನು ಒಟ್ಟಿಗೆ ತೆರೆದಾಗ ಕೊಳ ಎಷ್ಟು ಹೊತ್ತಿಗೆ ತುಂಬೀತು ಎಂಬ ಲೆಕ್ಕ ಲೀಲಾವತಿಯಲ್ಲಿದೆ. ಆದರೆ ಭಾಸ್ಕರಾಚಾರ್ಯರ ಕಾಲುವೆಗಳು ಒಂದೇ ವೇಗದಲ್ಲಿ ಹರಿಯುತ್ತವೆ. ಅಲ್ಲಿ ಕೆಳಮಹಡಿಯವರು ಮೋಟರ್ ಹಾಕುವುದಿಲ್ಲ. ಡೊಂಬಿವಲಿಯಲ್ಲಿ ಹಾಕುತ್ತಾರೆ. ಉಪಪಂಥ ಅಲ್ಲಿಗೇ ಒಣಗಿತು.

ಇನ್ನು ಬಾಲ್ದಿ. ಪೇಂಟಿನ ಹಳೆಯ ಡಬ್ಬಿಯಾಗಲಿ, ಬಚ್ಚಲ ಪ್ಲಾಸ್ಟಿಕ್ ಬಾಲ್ದಿಯಾಗಲಿ, ತಳ ಕಿರಿದು, ಬಾಯಿ ಹಿರಿದು. ಇಲ್ಲಿ ಮಹಾವೀರಾಚಾರ್ಯರು ನೆರವಿಗೆ ಬರುತ್ತಾರೆ. ಇಂಥ ಹೊಂಡಕ್ಕೆ ಅವರು ಮೂರು ಫಲ ಹೇಳಿದ್ದಾರೆ. ಬಾಯಿ ಮತ್ತು ತಳದ ಅಳತೆಗಳ ಸರಾಸರಿಯಿಂದ ಬಂದದ್ದು ಕರ್ಮಾಂತಿಕ. ಬಾಯಿ ಮತ್ತು ತಳದ ಕ್ಷೇತ್ರಫಲಗಳ ಸರಾಸರಿಯಿಂದ ಬಂದದ್ದು ಔಂಡ್ರ. ಎರಡರ ವ್ಯತ್ಯಾಸದಲ್ಲಿ ಮೂರನೆಯ ಒಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲ. ಬಾಯಿ 30 ಸೆಂ.ಮೀ., ತಳ 22 ಸೆಂ.ಮೀ., ಎತ್ತರ 28 ಸೆಂ.ಮೀ. ಇರುವ ಬಾಲ್ದಿಗೆ ಇದನ್ನು ಹಚ್ಚೋಣ. ಕರ್ಮಾಂತಿಕ 14.87 ಲೀಟರ್, ಔಂಡ್ರ 15.22 ಲೀಟರ್, ಸೂಕ್ಷ್ಮ 14.98 ಲೀಟರ್. ಇಂದಿನ ಶಾಲೆಯ ಸೂತ್ರ ಹಾಕಿದರೂ ಬರುವುದು ಅದೇ 14.98. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಪಳಗಿದ ಸೂತ್ರ ಡೊಂಬಿವಲಿಯ ಬಚ್ಚಲಿನಲ್ಲಿ ಎಳ್ಳಷ್ಟೂ ಸೋರಲಿಲ್ಲ. ಸೋರಿದ್ದು ಬಾಲ್ದಿ. ಬಚ್ಚಲಿನಿಂದ ಹಾಲ್‌ಗೆ ಬರುವಷ್ಟರಲ್ಲಿ ಕರ್ಮಾಂತಿಕಕ್ಕೂ ಸೂಕ್ಷ್ಮಕ್ಕೂ ಇರುವ ಅಂತರದ ಮೂರು ಪಟ್ಟು ನೀರು ನೆಲಕ್ಕೆ ಚೆಲ್ಲಿರುತ್ತದೆ. ಅದನ್ನು ಒರೆಸುವವರು ಸೂಕ್ಷ್ಮಫಲದ ಬಗ್ಗೆ ಏನೆಂದರೆಂಬುದು ಮುದ್ರಣಯೋಗ್ಯವಲ್ಲ.

ಈ ಹಂತದಲ್ಲಿ ನಮ್ಮ ಕಟ್ಟಡದ ನಿವೃತ್ತ ಹೋಟೆಲ್ ಮ್ಯಾನೇಜರೊಬ್ಬರು ಪ್ರಯೋಗಶಾಲೆಗೆ ಆಗಮಿಸಿದರು. ಮೂಲ ಉಡುಪಿ ಕಡೆಯವರು. ದಾದರ್‌ನಿಂದ ಉಲ್ಹಾಸನಗರದವರೆಗೆ ಹಲವು ಅಡುಗೆಮನೆ ಕಂಡವರು. ಕಾಗದದ ತುಂಬ ಹರಡಿದ್ದ ಲೆಕ್ಕ ನೋಡಿ, "ಮಾರಾಯ್ರೆ, ಇಷ್ಟೆಲ್ಲ ಯಾಕೆ? ಐದು ಲೀಟರಿನ ಒಂದು ಟೋಪು ಕೊಡಿ" ಎಂದರು. ಕಲ್ಲು, ಗ್ರಾವೆಲ್, ಅಲಂಕಾರದ ಪ್ಲಾಸ್ಟಿಕ್ ಕೋಟೆ, ಫಿಲ್ಟರ್ ಎಲ್ಲ ಒಳಗಿಟ್ಟ ಖಾಲಿ ತೊಟ್ಟಿಗೆ ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುತ್ತ ಹೊಯ್ದರು. ಬಾಯಿಯಿಂದ 4 ಸೆಂ.ಮೀ. ಕೆಳಗೆ ಗಾಜಿನ ಮೇಲೆ ಎಳೆದಿದ್ದ ಗೆರೆ ಮುಟ್ಟಿದಾಗ ಆದದ್ದು ಹತ್ತೂವರೆ ಟೋಪು. "ಐವತ್ತೆರಡೂವರೆ, ಮೇಲೆ ಒಂದು ಕಟಿಂಗ್ ಚಾದಷ್ಟು" ಎಂದು ಘೋಷಿಸಿ ಕೈ ಒರೆಸಿಕೊಂಡರು. ಈ ಫಲಿತಾಂಶ ಮುಂದೆ ಬರುವ ನಮ್ಮ ಲೆಕ್ಕಕ್ಕೆ ತೀರ ಹತ್ತಿರವಿದ್ದರೂ ಅದನ್ನು ಆಕಸ್ಮಿಕವೆಂದು ಪರಿಗಣಿಸಲಾಗಿದೆ. ಅವರ ವಿಧಾನದಲ್ಲಿ ಪೂರ್ವಸೂರಿಗಳ ಉಲ್ಲೇಖವೇ ಇಲ್ಲ.

ನಾಲ್ಕನೆಯದು ನವಿ ಮುಂಬಯಿ ಪ್ರಸ್ಥಾನ. 1970ರಲ್ಲಿ ಹುಟ್ಟಿದ ಸಿಡ್ಕೊ ನಕ್ಷೆ ಬರೆದು ಕಟ್ಟಿದ ಊರು ಇದು. ಸೆಕ್ಟರು, ಪ್ಲಾಟು ಎಂದು ಎಲ್ಲಕ್ಕೂ ಸಂಖ್ಯೆಯಿದೆ. ಅದಕ್ಕೂ ಮಿಗಿಲಾಗಿ ಇಲ್ಲಿನ ಮಹಾನಗರಪಾಲಿಕೆಗೆ ಮೋರ್ಬೆ ಎಂಬ ಸ್ವಂತ ಅಣೆಕಟ್ಟಿದೆ. ಅಣೆಕಟ್ಟು ಇದ್ದವರಿಗೆ ಒಂದು ವಿವೇಕ ತಾನಾಗಿ ಬರುತ್ತದೆ: ಒಟ್ಟು ಸಂಗ್ರಹ ಬೇರೆ, ಬಳಸಬಹುದಾದ ಸಂಗ್ರಹ ಬೇರೆ. ತೂಬಿಗಿಂತ ಕೆಳಗೆ, ಹೂಳಿನ ಜೊತೆ ಉಳಿಯುವ ನೀರಿಗೆ ಇಂಜಿನಿಯರರು ಡೆಡ್ ಸ್ಟೋರೇಜ್ ಎನ್ನುತ್ತಾರೆ. ಇದೆ, ಆದರೆ ಇಲ್ಲ.

ತೊಟ್ಟಿಯಲ್ಲಿ ಈ ಸ್ಥಾನ ಗ್ರಾವೆಲ್ಲಿನದು. 10 ಕೆ.ಜಿ. ಗ್ರಾವೆಲ್ ಹರಡಿದರೆ ತಳದಲ್ಲಿ ಸುಮಾರು 6.2 ಲೀಟರಿನ ಜಾಗ ಹಿಡಿಯುತ್ತದೆ. ಅವಸರದವರು ಅಷ್ಟನ್ನೂ ಕಳೆದುಬಿಡುತ್ತಾರೆ. ಹಾಗೆ ಮಾಡಬಾರದು. ಹರಳುಗಳ ನಿಜ ಗಾತ್ರ, ಠಾಣೆಯ ಸೂತ್ರದಂತೆ, 10 ಭಾಗಿಸು 2.6, ಅಂದರೆ 3.8 ಲೀಟರ್. ಉಳಿದ 2.4 ಲೀಟರ್ ಸಂದುಗಳಲ್ಲಿ ನಿಂತ ನೀರು. ಔಷಧ ಅದರಲ್ಲೂ ಬೆರೆಯುತ್ತದೆ, ಮೀನಿನ ಕೊಳೆಯನ್ನು ಜೀರ್ಣಿಸುವ ಬ್ಯಾಕ್ಟೀರಿಯಾ ಅಲ್ಲೇ ವಾಸಿಸುತ್ತವೆ, ಮೀನು ಮಾತ್ರ ಹೊಗಲಾರದು. ಔಷಧ ಪ್ರಮಾಣಕ್ಕೂ ವಾಸ ಪ್ರಮಾಣಕ್ಕೂ ನಡುವಿನ ಸೂಕ್ಷ್ಮ ಇದೇ. ಸೊಸೈಟಿಯ ಮೆಟ್ಟಿಲು, ಲಿಫ್ಟಿನ ಮುಂದಿನ ಜಾಗ ಇದ್ದಂತೆ: ಮೆಂಟೆನೆನ್ಸ್ ಕಟ್ಟಲೇಬೇಕು, ಮಂಚ ಹಾಕುವಂತಿಲ್ಲ.

ಈಗ ಲೆಕ್ಕ ಮುಗಿಸಬಹುದು. 58.6ರಲ್ಲಿ ಗ್ರಾವೆಲ್ 3.8 ಕಳೆದರೆ 54.8. ಮೂರು ಕಿಲೋ ಕಲ್ಲಿಗೆ 1.2 ಹೋಗಿ 53.6. ಪ್ಲಾಸ್ಟಿಕ್ ಕೋಟೆ, ಫಿಲ್ಟರುಗಳ ಒಡಲಿಗೆ 0.9 ಹೋಗಿ 52.7. ಒಂಬತ್ತು ಮೀನುಗಳು ಸೇರಿ ನೂರು ಗ್ರಾಂ ತೂಗಿದರೆ 0.1 ಹೋಗಿ 52.6 ಲೀಟರ್. ಇದು ಔಷಧ ಪ್ರಮಾಣ. ಸಂದುಗಳ 2.4 ಕಳೆದರೆ ವಾಸ ಪ್ರಮಾಣ 50.2 ಲೀಟರ್.

ಆದರೆ ನೀರು ತುಂಬಿ, ಮೀನು ಬಿಟ್ಟು, ವರ್ಷವಾದ ತೊಟ್ಟಿಯನ್ನು ಬರಿದುಮಾಡಿ ಅಳೆಯಲಾಗದು. ಅಂಥವರಿಗಾಗಿ ನವಿ ಮುಂಬಯಿ ಪ್ರಸ್ಥಾನ ಲವಣವಿಧಿಯನ್ನು ಬೋಧಿಸುತ್ತದೆ. ನೀರು ಶುದ್ಧಮಾಡುವ ಯಂತ್ರ ಮಾರಲು ಬಂದವರು ತೋರಿಸಿ ಹೆದರಿಸುವ ಟಿಡಿಎಸ್ ಮೀಟರ್ ಈಗ ಅನೇಕ ಮನೆಗಳಲ್ಲಿದೆ. 100 ಗ್ರಾಂ ಉಪ್ಪು ಕರಗಿಸಿ ಒಟ್ಟು ಒಂದು ಲೀಟರ್ ದ್ರಾವಣ ಮಾಡಿಕೊಳ್ಳಬೇಕು. ಅದರ 100 ಮಿ.ಲೀ.ನಲ್ಲಿ 10 ಗ್ರಾಂ ಉಪ್ಪು ಇರುತ್ತದೆ. ತೊಟ್ಟಿಯ ನೀರಿನ ಟಿಡಿಎಸ್ ನೋಡಿ ಬರೆದಿಟ್ಟು, ಆ 100 ಮಿ.ಲೀ.ಯನ್ನು ನಿಧಾನವಾಗಿ ಬೆರೆಸಿ, ಫಿಲ್ಟರ್ ಒಂದೆರಡು ಗಂಟೆ ಓಡಿದ ಮೇಲೆ ಮತ್ತೆ ನೋಡಬೇಕು. 10,000 ಮಿಲಿಗ್ರಾಂ ಉಪ್ಪನ್ನು ಏರಿದ ಅಂಕಿಯಿಂದ ಭಾಗಿಸಿದರೆ ಲೀಟರ್. ಮೊದಲು 80, ಆಮೇಲೆ 270 ತೋರಿಸಿದರೆ ಏರಿಕೆ 190; ಉತ್ತರ 52.6. ಸಂದಿನ ನೀರು, ಫಿಲ್ಟರಿನ ಹೊಟ್ಟೆಯ ನೀರು, ಕೋಟೆಯೊಳಗಿನ ನೀರು, ಯಾವುದೂ ಉಪ್ಪಿನ ಕಣ್ಣು ತಪ್ಪಿಸಲಾರದು.

ಮೀಟರನ್ನೂ ನಂಬುವ ಮುನ್ನ ಪ್ರಮಾಣ ಮಾಡಿಸಬೇಕು. ಅದು ಉಪ್ಪನ್ನು ನೇರವಾಗಿ ಕಾಣುವುದಿಲ್ಲ. ನೀರಿನ ವಿದ್ಯುತ್ ವಾಹಕತೆ ಅಳೆದು ಯಾವುದೋ ಗುಣಕದಿಂದ ಊಹಿಸುತ್ತದೆ. ಅದೇ ನಳದ 5 ಲೀಟರ್ ನೀರಿಗೆ ಅದೇ ದ್ರಾವಣದ 10 ಮಿ.ಲೀ. ಹಾಕಿದರೆ 200 ಏರಬೇಕು. 220 ಏರಿದರೆ ಮೀಟರ್ ಹತ್ತಕ್ಕೊಂದು ಉತ್ಪ್ರೇಕ್ಷೆ ಮಾಡುವ ಜಾತಿಯದೆಂದು ತಿಳಿದು, ತೊಟ್ಟಿಯ ಏರಿಕೆಯನ್ನು 1.1ರಿಂದ ಭಾಗಿಸಿಕೊಳ್ಳಬೇಕು. ಲೀಟರಿಗೆ ಕಾಲು ಗ್ರಾಂ ಕೂಡ ಇಲ್ಲದ ಈ ಉಪ್ಪು ಸಾಮಾನ್ಯ ಸಾಕುಮೀನುಗಳಿಗೆ ತಾಗದು. ಮುಂದಿನ ನೀರು ಬದಲಾವಣೆಗಳಲ್ಲಿ ತಾನಾಗಿ ಕರಗಿ ಹೋಗುತ್ತದೆ.

ಲೋಡಿಂಗ್ ನಿರ್ಣಯ

ಘೋಷಿತ 75, ನಿಜ 52.6. ಬಿಲ್ಡರರ ಪರಿಭಾಷೆಯಲ್ಲಿ ಲೋಡಿಂಗ್ ಶೇಕಡ 43. ಅಂಗಡಿಯ ಅಂಕಿ ನಂಬಿ ಹನಿ ಹಾಕಿದವನು ರೋಗಿಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಔಷಧ ಕುಡಿಸುತ್ತಾನೆ. ನಳದ ನೀರಿನ ಕ್ಲೋರಿನ್ ತೆಗೆಯುವ ಹನಿಗಳಲ್ಲಿ ಈ ಹೆಚ್ಚುವರಿ ನಡೆದೀತು. ತಾಮ್ರ ಬೆರೆತ ಔಷಧಗಳಲ್ಲಿ ನಡೆಯದು. ಬಸವನಹುಳು, ಸಿಗಡಿಗಳಿಗೆ ಅದು ನೇರ ವಿಷ, ಮೀನಿಗೂ ಮದ್ದಿನಿಂದ ವಿಷಕ್ಕೆ ಹೆಚ್ಚು ದೂರವಿಲ್ಲ.

ಆಕ್ಷೇಪ ಮತ್ತು ಸಮಾಧಾನ

ಆಕ್ಷೇಪ ಒಂದು, ಫೆಂಗ್ ಶೂಯಿ ವಾದಿಗಳದು: ಎಂಟು ಹೊನ್ನಬಣ್ಣದ, ಒಂದು ಕಪ್ಪು, ಒಟ್ಟು ಒಂಬತ್ತು ಮೀನು ಇರಲೇಬೇಕು, ಲೀಟರು ಗೌಣ. ಸಮಾಧಾನ: ಅಮೆರಿಕದ ಒಂದು ಗ್ಯಾಲನ್ನಿಗೆ ಒಂದಿಂಚು ಮೀನು ಎಂಬ ಹಳೆಯ ಒರಟು ಸೂತ್ರವನ್ನೇ ಹಿಡಿದರೂ, 75 ಲೀಟರಿನಲ್ಲಿ ಎರಡಿಂಚಿನ ಒಂಬತ್ತು ಮೀನು ಹಿಡಿಸುತ್ತವೆ, 52.6 ಲೀಟರಿನಲ್ಲಿ ಆರೇ. ಅದೃಷ್ಟದ ಮೂರನೆಯ ಒಂದು ಪಾಲು ಅಂಗಡಿಯವನ ಅಂಗೈಯಲ್ಲೇ ಉಳಿಯಿತು. ಅದರ ಮೇಲೆ ಗೋಲ್ಡ್ ಫಿಶ್ ಎರಡಿಂಚಿಗೆ ನಿಲ್ಲುವ ಜಾತಿಯೂ ಅಲ್ಲ.

ಆಕ್ಷೇಪ ಎರಡು, ಸೊಸೈಟಿ ಸೆಕ್ರೆಟರಿಯವರದು: ಇಷ್ಟು ನೀರಿನ ಭಾರ ಸ್ಲ್ಯಾಬ್ ತಡೆದೀತೆ, ಎನ್.ಒ.ಸಿ. ಎಲ್ಲಿ? ಸಮಾಧಾನ: ನೀರು 53 ಕಿಲೋ, ಗಾಜು 13, ಗ್ರಾವೆಲ್ ಮತ್ತು ಕಲ್ಲು 13, ಒಟ್ಟು ಎಂಬತ್ತರ ಆಸುಪಾಸು. ವಾಸದ ಕೋಣೆಗಳ ನೆಲ ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ತಾಳಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ತೊಟ್ಟಿಯ ತೂಕ ಊರಿಂದ ಬಂದ ಒಬ್ಬ ಮಧ್ಯವಯಸ್ಕ ನೆಂಟನಷ್ಟೇ. ನೆಂಟರಿಗೆ ಎನ್.ಒ.ಸಿ. ಕೇಳುವ ನಿಯಮ ಬಂದ ದಿನ ಮೀನಿಗೂ ಒದಗಿಸಲಾಗುವುದು. ನಾಲ್ಕು ಅಡಿಯ ತೊಟ್ಟಿ ತರುವವರಿಗೆ ಈ ಉತ್ತರ ಅನ್ವಯಿಸದು. ಅವರು ಇಂಜಿನಿಯರರನ್ನು ಕಾಣಲಿ.

ಆಕ್ಷೇಪ ಮೂರು, ಲೋಕಲ್ ಪ್ರಯಾಣಿಕರದು: ಬರೆದ ಸಾಮರ್ಥ್ಯಕ್ಕಿಂತ ಹೆಚ್ಚು ಹಿಡಿಸುವುದೇ ಈ ಸೀಮೆಯ ಧರ್ಮ. ಒಂದು ಚದರ ಮೀಟರಿನಲ್ಲಿ ಹದಿನಾಲ್ಕರಿಂದ ಹದಿನಾರು ಜನ ನಿಲ್ಲುವುದಕ್ಕೆ ರೈಲ್ವೆಯವರೇ ಸೂಪರ್ ಡೆನ್ಸ್ ಕ್ರಷ್ ಲೋಡ್ ಎಂದು ನಾಮಕರಣ ಮಾಡಿದ್ದಾರೆ. ಮೀನು ಮಾತ್ರ ಯಾಕೆ ಅಡ್ಜಸ್ಟ್ ಮಾಡಬಾರದು? ಸಮಾಧಾನ: ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಹತ್ತಿದವನಿಗೆ ದಾದರ್ ಬರುತ್ತದೆ, ಇಳಿಯುತ್ತಾನೆ, ಉಸಿರಾಡುತ್ತಾನೆ. ಮೀನಿಗೆ ದಾದರ್ ಇಲ್ಲ. ಇಲ್ಲಿಂದ ಹೊರಡುವ ಸಿದ್ಧಾಂತ: ಈ ಸೀಮೆಯಲ್ಲಿ ಬರೆದ ಸಾಮರ್ಥ್ಯ ಎಂದೂ ನಿಜವಲ್ಲ, ಕೊಳ್ಳುವಾಗ ನಿಜ ಅದಕ್ಕಿಂತ ಕಡಿಮೆ, ತುಂಬಿಸುವಾಗ ನಿಜ ಅದಕ್ಕಿಂತ ಹೆಚ್ಚು. ಎರಡೂ ಕಡೆ ಉಸಿರು ಕಟ್ಟುವುದು ಒಳಗಿರುವವರಿಗೆ, ಅಂಕಿ ಬರೆದವರಿಗಲ್ಲ.

ಆಕ್ಷೇಪ ನಾಲ್ಕು, ಕ್ಷಣಿಕವಾದಿಗಳದು: ಮೇ ತಿಂಗಳ ಸೆಕೆಯಲ್ಲಿ ನೀರು ದಿನವೂ ಆರುತ್ತದೆ, ನಿನ್ನೆಯ ಲೀಟರು ಇಂದಿನದಲ್ಲ. ಸಮಾಧಾನ: ಸತ್ಯ. ಆದ್ದರಿಂದಲೇ ಗಾಜಿನ ಮೇಲೆ ಒಂದು ಗೆರೆ ಎಳೆದು, ಅಳೆದ ಅಂಕಿ ಆ ಗೆರೆಯದೆಂದು ನಿಗದಿ ಮಾಡಬೇಕು. ಹನಿ ಹಾಕುವ ಮುನ್ನ ಗೆರೆಯವರೆಗೆ ನೀರು ತುಂಬಿಸಬೇಕು. ಬುದ್ಧನ ಅನುಯಾಯಿಗಳೂ ಇಷ್ಟಕ್ಕೆ ತಕರಾರು ಮಾಡರು.

ಉಪಸಂಹಾರ

ಮೇಲಿನ ಮೀಮಾಂಸೆಯ ಬಲದಿಂದ ಸರಕಾರಕ್ಕೆ ಮೂರು ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇವೆ. ಪ್ರತಿ ಗಾಜಿನ ತೊಟ್ಟಿಯೂ ಮಾರಾಟಕ್ಕೆ ಮುಂಚೆ ನೋಂದಣಿಯಾಗಬೇಕು. ಬ್ರೋಷರಿನಲ್ಲಿ ವಾಸ ಪ್ರಮಾಣವನ್ನು ದಪ್ಪಕ್ಷರದಲ್ಲಿ ಮುದ್ರಿಸಬೇಕು. ಪೊಸೆಷನ್ ಪಡೆದ ಮೇಲೆ ಲೀಟರ್ ಕಡಿಮೆ ಬಿದ್ದರೆ ಮೀನಿಗೆ ಬಡ್ಡಿ ಸಮೇತ ಪರಿಹಾರ ಸಿಗಬೇಕು. ಅಲ್ಲಿಯವರೆಗೆ ಅದು ಹಳೆಯ ಗಡಿಗೆಯಲ್ಲಿ ಬಾಡಿಗೆಗೆ ಇದ್ದ ಖರ್ಚನ್ನೂ ಅಂಗಡಿಯವನೇ ಭರಿಸಬೇಕು.

ನ್ಯಾಯ ಎಲ್ಲರಿಗೂ ಒಂದೇ ಆಗಬೇಕಾದ್ದರಿಂದ ಈ ಪ್ರಬಂಧವನ್ನೂ ಇದೇ ವಿಧಾನದಿಂದ ಅಳೆದು ಮುಗಿಸುತ್ತೇವೆ. ಘೋಷಿತ ಪ್ರಮಾಣ ಎರಡೂವರೆ ಸಾವಿರ ಪದಗಳ ಆಸುಪಾಸು. ಪೀಠಿಕೆ, ಉಪಸಂಹಾರ ಹೊರಗೋಡೆ, ಕಳೆಯಿರಿ. ಮನು, ಶಿಲಾಹಾರ, ಫೆಂಗ್ ಶೂಯಿ ಪ್ಲಾಸ್ಟಿಕ್ ಕೋಟೆ, ಕಳೆಯಿರಿ. ನಾಲ್ಕು ಪ್ರಸ್ಥಾನಗಳಲ್ಲಿ ಮೂರೂಮುಕ್ಕಾಲು ಪಾಲು ಗ್ರಾವೆಲ್. ಸಂದುಗಳಲ್ಲಿ ಸಿಕ್ಕಿದ್ದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕಳೆಯಿರಿ. ಮೇಲೆ ಬಿಟ್ಟ ಟೆರೇಸನ್ನೂ ಕಳೆಯಿರಿ. ಉಳಿಯುವ ಕಾರ್ಪೆಟ್ ಒಂದೇ ವಾಕ್ಯ, ಅದೂ ಹೋಟೆಲ್ ಮ್ಯಾನೇಜರದು: ಕಲ್ಲು, ಗ್ರಾವೆಲ್, ಫಿಲ್ಟರ್ ಎಲ್ಲ ಇಟ್ಟ ಮೇಲೆ ಅಳತೆಯ ಪಾತ್ರೆಯಲ್ಲಿ ಎಣಿಸಿ ನೀರು ಹೊಯ್ಯಿರಿ, ಬಂದ ಅಂಕಿಯನ್ನು ತೊಟ್ಟಿಯ ಬೆನ್ನ ಮೇಲೆ ಬರೆದಿಡಿ.